ಮೂಡ್ಲಗಿರಿಯ ಗೇಮಿಂಗ್ ಕಂಪ್ಯೂಟರು

ಹೂಂ ಅನ್ನೋರಿದ್ದರೆ ಹೇಳ್ತೀನಿ, ಇಲ್ಲದಿದ್ದರೆ ಎದ್ದು ಹೋಗ್ತೀನಿ. ಹೂಂ ಅಂದ್ರಾ? ಹಾಗಾದರೆ ಕೇಳಿ.

ಗುಬ್ಬೀಲಿ ಚಿಕ್ಕತಾಯಮ್ಮ ಅಂತ ಒಬ್ಬಳು ರವಿಕೆ ಹೊಲಿಯೋಳು. ಅವಳಿಗೊಬ್ಬನೇ ಮಗ, ಮೂಡ್ಲಗಿರಿ. ಇಪ್ಪತ್ತೆರಡು ವರ್ಷ, ಬಾಗಿಲಿಗೆ ತಲೆ ತಾಗೋ ಎತ್ತರ. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಹೋಟೆಲಿಗೆ ಕೆಲಸಕ್ಕೆ ಸೇರಿಸಿದರೆ, ಯಜಮಾನ "ಗಿರಾಕಿಗಳ ಮೇಲೆ ಒಂದು ಕಣ್ಣಿಟ್ಟಿರು" ಅಂದ. ಇವನು ಇನ್ನೊಂದು ಕಣ್ಣು ಮುಚ್ಚಿಕೊಂಡು ನಿಂತ. ಊಟಕ್ಕೆ ಬಂದ ಹೆಂಗಸರು ಸುಮ್ಮನಿರ್ತಾರಾ? ಒದೆ ತಿಂದು ಮನೆಗೆ ಬಂದ.

"ಇವನಿಗೆ ಯಾರು ಕೆಲಸ ಕೊಡ್ತಾರೆ?" ಅಂತ ಚಿಕ್ಕತಾಯಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಅವಳಿಗೋ ಸೂಜಿಗೆ ದಾರ ಪೋಣಿಸೋಕೂ ಕಣ್ಣು ಸರಿಯಾಗಿ ಕಾಣ್ತಿರಲಿಲ್ಲ. ಕೂತು ಕೂತು ಒಂದು ಉಪಾಯ ಹೊಳೀತು. ಊರ ಹುಡುಗರೆಲ್ಲ ಕಂಪ್ಯೂಟರಲ್ಲಿ ಆಟ ಆಡೋಕೆ ತುಮಕೂರಿಗೆ ಹೋಗ್ತಾರೆ, ಗಂಟೆಗಿಷ್ಟು ಅಂತ ಸುರೀತಾರೆ. ಅಂಥದೊಂದನ್ನ ನಮ್ಮ ಮುಂದಿನ ಕೋಣೇಲೇ ಇಟ್ಟರೆ ಮಗ ಕೂತಲ್ಲೇ ಉಣ್ಣಬಹುದು! ರೆಡಿ ಇರೋದು ತರೋಕೆ ಕೈಯಲ್ಲಿ ಅಷ್ಟಿಲ್ಲ. ಬಿಡಿ ಸಾಮಾನು ಒಂದೊಂದೇ ಆರಿಸಿ ತಂದು ಜೋಡಿಸಿದರೆ ಕಮ್ಮೀಲಿ ಆಗುತ್ತಂತೆ.

"ಮಗಾ, ತುಮಕೂರಲ್ಲಿ ನೂರ್‌ಜಾನಮ್ಮನ ಅಂಗಡಿ ಐತೆ. ಹೋಗು. ಎಲ್ಲಾದರ ಬೆಲೆ ಕೇಳು. ಯಾವುದು ಕಮ್ಮೀದೋ ಅದನ್ನ ತಗೊಂಡು ಬಾ."

"ಆಯ್ತು ಕಣವ್ವ!"

ಹೋದ. ಎಲ್ಲಾದರ ಬೆಲೆ ಕೇಳಿದ. ಬೆಳಗ್ಗೆಯಿಂದ ಸಂಜೆವರೆಗೂ ಕೇಳಿದ. ನೂರ್‌ಜಾನಮ್ಮನ ಗಂಟಲು ಒಣಗಿತು. ಕೊನೆಗೆ ಒಂದು ಪೊಟ್ಟಣ ಸ್ಕ್ರೂ ತಗೊಂಡು ಕುಣೀತಾ ಬಂದ.

"ಅವ್ವಾ, ಇಡೀ ಅಂಗಡೀಲಿ ಇದಕ್ಕಿಂತ ಕಮ್ಮೀದು ಇಲ್ಲವೇ ಇಲ್ಲ!"

"ಅಯ್ಯೋ ಮಂಕೇ! ಸ್ಕ್ರೂ ಇಟ್ಕೊಂಡು ಯಾವನೋ ಆಟ ಆಡ್ತಾನೆ? ಬರೀ ಬೆಲೆ ನೋಡಿದರೆ ಆಯ್ತಾ? ಸಾಮಾನು ಗಟ್ಟಿ ಐತಾ, ಬಿರುಕು ಬಿಟ್ಟೈತಾ, ಚೆನ್ನಾಗಿ ತಟ್ಟಿ ನೋಡಿ ತರಬೇಕು!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ!"

ಮಾರನೆ ದಿನ ಹೋದ. ನೂರ್‌ಜಾನಮ್ಮ ಪ್ರೊಸೆಸರ್ ತೆಗೆದು ಅಂಗೈ ಮೇಲಿಟ್ಟಳು. ಬಿಸ್ಕತ್ತಿನಷ್ಟಗಲ, ಅಡಿಯಲ್ಲಿ ಕೂದಲಿನಂಥ ಪಿನ್ನುಗಳು. "ನೋಡಪ್ಪ, ಇದು ಕಂಪ್ಯೂಟರಿನ ಮಿದುಳು. ನಿಮ್ಮ ದುಡ್ಡಿಗೆ ಇದಕ್ಕಿಂತ ಒಳ್ಳೇದು ಬರಲ್ಲ."

"ಗಟ್ಟಿ ಐತಾ?" ಅಂದ. ಮೇಜಿನ ಮೇಲಿಟ್ಟ. ಟಪ್ ಅಂತ ಒಂದು ತಟ್ಟಿದ. ಕಿವಿಗೊಟ್ಟು ಕೇಳಿದ. ಸದ್ದು ಸಾಲದು ಅಂತ ಚಪ್ಪಲಿ ಬಿಚ್ಚಿ ಟಪ್ ಟಪ್ ಅಂತ ಇನ್ನೆರಡು!

"ಯಾ ಅಲ್ಲಾ!" ಅಂತ ಅವಳು ಕಿತ್ಕೊಂಡಳು. ಪಿನ್ನುಗಳೆಲ್ಲ ಗಾಳಿಗೆ ಬಿದ್ದ ರಾಗಿ ಪೈರಿನ ಹಾಗೆ ಮಲಗಿದ್ದವು. ಚಿಮಟ ಹಿಡಿದು ಒಂದೊಂದೇ ನೆಟ್ಟಗೆ ಮಾಡೋಷ್ಟರಲ್ಲಿ ಅವಳಿಗೆ ಮಧ್ಯಾಹ್ನದ ಊಟ ತಪ್ಪಿತು. ಪುಣ್ಯಕ್ಕೆ ಮಿದುಳು ಉಳೀತು. ಕಂಪ್ಯೂಟರಿನ ಮಿದುಳು ಅಂದೆ.

ಸಂಜೆ ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ಅಂಥದಕ್ಕೆ ಚಪ್ಪಲೀಲಿ ಹೊಡೀತಾರೇನೋ? ಮೆತ್ತನೆ ಬಟ್ಟೇಲಿ ಸುತ್ತಿ, ಜೋಬಲ್ಲಿಟ್ಕೊಂಡು ಬರಬೇಕು!"

"ಆಯ್ತು ಕಣವ್ವ, ಜೋಬಲ್ಲೇ ಇಟ್ಕೊಂಡು ಬರ್ತೀನಿ!"

ಮಾರನೆ ದಿನ ತರಬೇಕಾಗಿದ್ದು ಯಾವುದು ಗೊತ್ತಾ? ಕ್ಯಾಬಿನೆಟ್ಟು. ಎಲ್ಲಾ ಸಾಮಾನು ಒಳಗೆ ಕೂರಿಸೋ ಮೊಣಕಾಲುದ್ದದ ಕಬ್ಬಿಣದ ಪೆಟ್ಟಿಗೆ.

ಅವ್ವನ ಹಳೇ ಸೀರೇಲಿ ಸುತ್ತಿದ. ಅಂಗಿ ಜೋಬಿಗೆ ತುರುಕಿದ, ಹೋಗಲಿಲ್ಲ. ಪ್ಯಾಂಟಿನ ಜೋಬಿಗೆ ತುರುಕಿದ, ಹೋಗಲಿಲ್ಲ. ನೂರ್‌ಜಾನಮ್ಮನ ಹತ್ತಿರ ಕತ್ತರಿ ಇಸ್ಕೊಂಡು ಜೋಬನ್ನ ಮೊಣಕಾಲಿನವರೆಗೂ ಸೀಳಿದ. ಒಂದು ಮೂಲೆ ಹೋಯ್ತು! ಹಾಗೇ ಬಸ್ಸು ಹತ್ತಿದ. ಗುಬ್ಬೀಲಿ ಇಳಿದಾಗ ಸೀರೆ ಸುತ್ತಿಕೊಂಡಿದ್ದೋನು ಇವನು, ಪ್ಯಾಂಟು ಹಾಕಿಕೊಂಡಿದ್ದು ಕ್ಯಾಬಿನೆಟ್ಟು.

"ಮಾನ ಹೋಯ್ತಲ್ಲೋ!" ಚಿಕ್ಕತಾಯಮ್ಮ ಬಾಗಿಲು ಹಾಕಿಕೊಂಡು ಬೈದಳು. "ಇಂಥದನ್ನ ಹಗ್ಗ ಬಿಗಿದು ತಲೆ ಮೇಲೆ ಹೊತ್ಕೊಂಡು ಬರಬೇಕು!"

"ಅದನ್ನ ಮೊದಲೇ ಹೇಳೋದಲ್ವಾ ಅವ್ವಾ!"

ಆಮೇಲೆ ಗ್ರಾಫಿಕ್ಸ್ ಕಾರ್ಡು. "ಆಟಕ್ಕೆ ಇದೇ ಜೀವ ಕಣಪ್ಪ. ಹೊಸದು ತಗೊಂಡರೆ ನಿಮ್ಮ ದುಡ್ಡೆಲ್ಲ ಇದಕ್ಕೇ ಸರಿ. ಯಾರೋ ಒಂದು ವರ್ಷ ಬಳಸಿದ್ದು ಐತೆ, ಚೆನ್ನಾಗೈತೆ, ಇದೇ ಸಾಕು," ಅಂತ ನೂರ್‌ಜಾನಮ್ಮ ಕೊಟ್ಟಳು. ಪಾಪ, ಒಳ್ಳೆಯವಳು. ಕೊಟ್ಟು ಒಳಗೆ ಚಹಾ ಕುಡಿಯೋಕೆ ಹೋದಳು.

ಇವನು ಅದನ್ನ ನೆತ್ತಿ ಮೇಲಿಟ್ಟ, ಗದ್ದದ ಕೆಳಗಿನಿಂದ ಹಗ್ಗ ತಂದು ನಾಲ್ಕು ಸುತ್ತು ಬಿಗಿದ. ಕಾರ್ಡಿಗೆ ಎರಡು ಪುಟ್ಟ ಫ್ಯಾನು. ಬಸ್ಸಿನ ಗಾಳಿಗೆ ತಲೆ ಮೇಲೆ ಗಿರಗಿರ ಅಂತ ತಿರುಗುತ್ತಾ ಇವೆ! "ಸೆಕೆ ಜಾಸ್ತೀನಾ ಸ್ವಾಮಿ?" ಅಂತ ಕಂಡಕ್ಟರು ಕೇಳಿದ. "ಇಲ್ಲ, ಅವ್ವ ಹೇಳವ್ಳೆ," ಅಂದ. ಇಳಿಯೋವಾಗ ಬಾಗಿಲಿಗೆ ತಲೆ ತಾಗಿತು. ಒಂದು ಫ್ಯಾನು ಮುರೀತು.

ಚಿಕ್ಕತಾಯಮ್ಮ ಈ ಸಲ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಮಗಾ, ಹಣೆ ನೋವಾಯ್ತಾ?" ಅಂದಳು. ಆಮೇಲೆ ಬೈದಳು. "ಇಂಥದನ್ನೆಲ್ಲ ಕೂಸಿನ ಥರ ನೋಡ್ಕೋಬೇಕು ಕಣೋ. ಹಡೆದ ಕೂಸಿನ ಥರ!"

ಅದನ್ನೂ ಮಾಡಿದ. ಕಂಪ್ಯೂಟರಿಗೆ ಕರೆಂಟು ಹಂಚೋ ಡಬ್ಬಿ ತಂದನಲ್ಲ, ಅದನ್ನ ಎದೆಗವುಚಿಕೊಂಡು ಬಸ್ಸಲ್ಲಿ ಜೋಜೋ ಹಾಡಿದ. ದೃಷ್ಟಿಯಾಗದಿರಲಿ ಅಂತ ಕಾಡಿಗೆ ಬೊಟ್ಟಿಟ್ಟ. "ಇದಕ್ಕೆ ಅರ್ಧ ಟಿಕೆಟ್ಟಾ, ಪೂರ್ತಿನಾ?" ಅಂತ ಕೇಳಿದ. ಅದೇ ಕಂಡಕ್ಟರು ಡಬ್ಬಿ ಕಡೆ ನೋಡಿ, "ಇನ್ನೂ ಹಲ್ಲು ಬಂದಿಲ್ಲ, ಬೇಡ ಬಿಡಿ," ಅಂದ.

ಸುದ್ದಿ ಕೇಳಿ ನೂರ್‌ಜಾನಮ್ಮನೇ ಹೆದರಿದಳು. ಉಳಿದಿದ್ದನ್ನ ಇವನ ಕೈಗೆ ಕೊಡೋದೇ ಬೇಡ ಅಂತ ಭಾನುವಾರ ಮುರಿದ ಫ್ಯಾನಿಗೆ ಬದಲಿ ಫ್ಯಾನು, ಮದರ್‌ಬೋರ್ಡು, ಮಿಕ್ಕ ಚಿಲ್ಲರೆ ಸಾಮಾನೆಲ್ಲ ತಾನೇ ಹೊತ್ತು ಗುಬ್ಬಿಗೆ ಬಂದಳು. ಕೂತು ಜೋಡಿಸಿದಳು. ಆಹಾ, ಕಂಪ್ಯೂಟರ್ ತಯಾರು! ಅಷ್ಟರಲ್ಲಿ ಕರೆಂಟು ಹೋಯ್ತು. ಅವಳ ಬಸ್ಸಿನ ಹೊತ್ತೂ ಆಯ್ತು.

"ಇನ್ನೇನೂ ಇಲ್ಲ ಕಣಪ್ಪ, ವಿಂಡೋಸ್ ಹಾಕಿಸಿಬಿಡು. ಅದಿಲ್ಲದೆ ಏನೂ ಕಾಣಲ್ಲ. ಹಾಕಿಕೊಡೋರು ಇಲ್ಲೇ ಗುಬ್ಬೀಲೇ ಸಿಗ್ತಾರೆ. ಅವರು ಹತ್ತು ಸಾಕು ಅಂತಾರೆ, ಒಪ್ಪಬೇಡ. ಈಗ ಎಲ್ಲರೂ ಹನ್ನೊಂದೇ ಹಾಕಿಸೋದು," ಅಂತ ಹೇಳಿ ಹೊರಟಳು.

ಚಿಕ್ಕತಾಯಮ್ಮ ಕೈ ಮುಗಿದಳು. "ಮಗಾ, ನನ್ನ ಬುದ್ಧಿಮಾತು ಇವತ್ತಿಗೆ ಸಾಕು. ಆಯಮ್ಮ ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡು. ಕಮ್ಮಿ ಮಾಡಬೇಡ, ಜಾಸ್ತಿ ಮಾಡಬೇಡ." ಅಂದೋಳು ನೆಮ್ಮದಿಯಾಗಿ ರವಿಕೆಗಳನ್ನ ಗಂಟು ಕಟ್ಟಿಕೊಂಡು ನಿಟ್ಟೂರಿನ ಗಿರಾಕಿಗಳಿಗೆ ಕೊಟ್ಟು ಬರೋಕೆ ಹೋದಳು.

ಸಂಜೆ ವಾಪಸ್ ಬಂದಳು. ಬೀದಿ ತುಂಬ ಧೂಳು, ಮನೆ ಮುಂದೆ ಜನ. ಗಾರೆ ಕೆಲಸದ ತಿಮ್ಮರಾಯಿ ಏಣಿ ಮೇಲೆ ನಿಂತು ಸುತ್ತಿಗೇಲಿ ಧಡ್ ಧಡ್ ಅಂತ ಗೋಡೆ ಒಡೀತಿದ್ದಾನೆ. ಮುಂದಿನ ಗೋಡೇಲಿ ಮೂರು ತೂತು. ಅಡಿಗೆ ಮನೇಲಿ ಎರಡು. ಹಿಂದಿನ ಗೋಡೇಲಿ ಮೂರು. ಬಚ್ಚಲಿಗೂ ಒಂದು!

"ಏನೋ ಇದು ಮೂಡ್ಲಗಿರೀ?"

ಮಗ ತಲೆ ತುಂಬ ಇಟ್ಟಿಗೆ ಪುಡಿ ಹೊತ್ಕೊಂಡು ನಗ್ತಾ ಓಡಿ ಬಂದ.

"ವಿಂಡೋಸ್ ಹಾಕಿಸ್ತಿದ್ದೀನಿ ಕಣವ್ವ! ತಿಮ್ಮರಾಯಣ್ಣ ಎರಡು ಸಾಕು ಅಂದ, ನಾನು ಒಪ್ಪಲಿಲ್ಲ. ಒಂಬತ್ತಾಯ್ತು, ಇನ್ನೆರಡೇ. ನಮ್ಮ ಗೋಡೆ ಮುಗಿದುಹೋಯ್ತು ನೋಡು, ಅದಕ್ಕೇ ಪಕ್ಕದ ಮನೆ ಗೋಡೇಲಿ ಶುರು ಮಾಡವ್ನೆ!"