ಕಾಳಾಚಾರಿಯ ಚಾಕು

ಬೆಳಗ್ಗೆ ದಡ ಕುಸಿದು ಆಶ್ರಮದ ಮಾವಿನ ಮರ ಹೊಳೆಗೆ ಬಿತ್ತು. ನೂರು ವರ್ಷದ ಮರ. ಆ ಜಾತಿಯ ಹಣ್ಣು ಸುತ್ತಮುತ್ತ ಬೇರೆಲ್ಲೂ ಇರಲಿಲ್ಲ.

ಗುರುಗಳು ಸೊಂಟದವರೆಗೆ ನೀರಿಗಿಳಿದು ಒಂದು ಎಳೆಯ ಕಡ್ಡಿಯನ್ನು ಕತ್ತರಿಸಿಕೊಂಡರು. ಉಳಿದದ್ದನ್ನೆಲ್ಲ ಹೊಳೆ ಎಳೆದುಕೊಂಡು ಹೋಯಿತು.

ಕತ್ತರಿಸುವಾಗ ಅವರ ಮಡಚುವ ಚಾಕುವಿನ ಅಲಗು ಮುರಿಯಿತು. ನಲವತ್ತು ವರ್ಷ ಮಸೆದು ಮಸೆದು ಅದು ಹುಲ್ಲಿನ ಎಸಳಿನಷ್ಟು ತೆಳ್ಳಗಾಗಿತ್ತು.

ಮುರಿದ ಎರಡು ತುಂಡುಗಳನ್ನು ಕಟ್ಟೆಯ ಮೇಲಿಟ್ಟು, ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರು ಕೂತರು. ಪಕ್ಕದಲ್ಲಿ ಒಂದು ಕುಂಡ. ಕುಂಡದಲ್ಲಿ ಹಣ್ಣಿನ ಓಟೆಯಿಂದ ಮೊಳೆತು ಎದ್ದ, ಒಂದು ವರ್ಷದ ಮಾವಿನ ಸಸಿ.

"ಬಿಸಿಲೇರುವ ಮೊದಲು ಕಸಿ ಕಟ್ಟಬೇಕು. ಈ ಕಡ್ಡಿ ಒಣಗಿದರೆ ಆ ಮರ ಪೂರ್ತಿ ಹೋದ ಹಾಗೆ. ಮರಿದೇವ, ನಿನ್ನ ಪೆಟ್ಟಿಗೆ ತಾ."

ಶಿಷ್ಯ ಮರಿದೇವನ ಪೆಟ್ಟಿಗೆ ಆಶ್ರಮದಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂತೆ, ಗುಜರಿ ಅಂಗಡಿ, ಯಾರ್ಯಾರದೋ ಮನೆಯ ಅಟ್ಟ, ಎಲ್ಲ ಕಡೆ ಹುಡುಕಿ ತಂದ ಮೂವತ್ತೊಂದು ಮಡಚುವ ಚಾಕುಗಳು ಅದರಲ್ಲಿದ್ದವು. ಜೊತೆಗೊಂದು ನೋಟ್‌ಬುಕ್. ಎಡ ಪುಟದಲ್ಲಿ ಹಳೆಯ ಚಾಕುಗಳ ಗುಣ. ಬಲ ಪುಟದಲ್ಲಿ ಹೊಸವುಗಳ ದೋಷ.

ಮರಿದೇವ ಪೆಟ್ಟಿಗೆ ತಂದ. ಬೀಗ ತೆಗೆಯಲಿಲ್ಲ.

"ಯಾವುದು ಬೇಕು ಗುರುಗಳೇ?"

"ಹರಿತ ಇರೋದು."

"ಇವನ್ನು ಮಸೆದಿಲ್ಲ. ಮಸೆಯೋ ಹಾಗೂ ಇಲ್ಲ. ಕೋಣದ ಕೊಂಬಿನ ಹಿಡಿ ಇರೋದು ಎಂಬತ್ತು ವರ್ಷದ್ದು. ಇವತ್ತಿನವರೆಗೆ ಒಂದು ಹಣ್ಣನ್ನೂ ಕೊಯ್ದಿಲ್ಲ. ಒಂದು ಸಲ ಕಲ್ಲಿಗೆ ಹಚ್ಚಿದರೆ ಮುಗೀತು."

"ಏನು ಮುಗೀತು?"

ಮರಿದೇವ ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಬೀಗದ ಕೈ ಮುಷ್ಟಿಯಲ್ಲೇ ಇತ್ತು.

ಅಷ್ಟರಲ್ಲಿ ಕಮ್ಮಾರ ಸಿದ್ದಾಚಾರಿ ಬಂದ. ಮರ ಬಿದ್ದ ಸುದ್ದಿ ಕೇಳಿ ಓಡಿಬಂದಿದ್ದ. ಕಟ್ಟೆಯ ಕೆಳಗೇ ನಿಂತು, ಹೆಗಲ ಟವೆಲಿನ ಗಂಟಿನಿಂದ ಹೊಸ ಚಾಕುವೊಂದನ್ನು ತೆಗೆದ.

"ನಿಮಗೇ ಅಂತ ಮಾಡಿದ್ದು ಬುದ್ಧಿ. ತಿಂಗಳಾಯ್ತು. ತರೋಕೆ ಸಂಕೋಚ ಆಗಿತ್ತು."

ಗುರುಗಳು ಕೈ ಚಾಚುವ ಮೊದಲೇ ಮರಿದೇವ ಅದನ್ನು ತೆಗೆದುಕೊಂಡ. ಕಿವಿಯ ಹತ್ತಿರ ಹಿಡಿದು ಬಿಚ್ಚಿದ, ಮಡಚಿದ.

"ಸದ್ದು ಕೇಳಿ ಗುರುಗಳೇ. ಹಳೆಯ ಚಾಕು ಮಡಚಿದರೆ ಟಪ್ ಅನ್ನುತ್ತೆ. ಇದು ಕೆಮ್ಮುತ್ತೆ."

"ಹೊಸಾದು ಸ್ವಾಮಿ," ಎಂದ ಸಿದ್ದಾಚಾರಿ. "ಇನ್ನೂ ಮಾತು ಕಲೀಬೇಕು."

"ತಮಾಷೆ ಬೇಡ. ಸ್ಪ್ರಿಂಗ್ ಬಿಗಿ. ಬಿಚ್ಚೋಕೆ ಹೋದರೆ ಉಗುರೇ ಕಿತ್ತು ಬರುತ್ತೆ. ಅಲಗಿನ ಮೇಲೆಲ್ಲ ಇದೇನು, ನೀರು ಹರಿದ ಹಾಗೆ ಗೆರೆ? ಒಂದು ಅಲಗನ್ನು ನೆಟ್ಟಗೆ ಬಡಿಯೋಕೂ ಬರೋದಿಲ್ವಾ?"

ಸಿದ್ದಾಚಾರಿ ಸುಟ್ಟ ಬೆರಳುಗಳನ್ನು ಟವೆಲಿನೊಳಗೆ ಎಳೆದುಕೊಂಡ.

ಮರಿದೇವನ ದನಿ ಏರಿತು. "ನಿಮ್ಮ ತಾತ ಕಾಳಾಚಾರಿ ಎಂಥ ಕೆಲಸಗಾರ ಅಂತ ಗುರುಗಳ ಈ ಮುರಿದ ಚಾಕು ನೋಡಿದರೆ ಸಾಕು, ಗೊತ್ತಾಗುತ್ತೆ. ಅವರ ಕೈಯದು ಇಡಿಯಾದದ್ದು ಒಂದು ಸಿಗಲಿ ಅಂತ ಹನ್ನೆರಡು ವರ್ಷ ಹುಡುಕಿದ್ದೀನಿ. ಒಂದೂ ಇಲ್ಲ. ಈ ಜನಕ್ಕೆ ಇಟ್ಟುಕೊಳ್ಳೋ ಯೋಗ್ಯತೆಯೇ ಇಲ್ಲ. ಅಂಥವರ ಮೊಮ್ಮಗನಾಗಿ ಇಂಥದನ್ನು ತಂದು ಗುರುಗಳ ಮುಂದೆ ಇಡ್ತೀರಲ್ಲ, ನಾಚಿಕೆ ಆಗಬೇಕು."

ಗುರುಗಳು ಕಡ್ಡಿಯ ಬಟ್ಟೆಯನ್ನು ಮುಟ್ಟಿ ನೋಡಿದರು. ಒಂದು ಅಂಚು ಆಗಲೇ ಒಣಗಿತ್ತು.

"ಬೀಗ ತೆಗಿ," ಎಂದರು.

ಆ ದನಿಗೆ ಮರಿದೇವ ಬೀಗ ತೆಗೆದ. ಗುರುಗಳು ಪಕ್ಕದ ಬೇವಿನಿಂದ ಕಡ್ಡಿಯೊಂದನ್ನು ಮುರಿದುಕೊಟ್ಟರು.

"ಕೊಂಬಿನ ಹಿಡಿಯದರಲ್ಲಿ ಕೊಯ್ಯಿ. ಓರೆಯಾಗಿ, ಒಂದೇ ಎಳೆತಕ್ಕೆ."

ಮರಿದೇವ ಉಸಿರು ಬಿಗಿಹಿಡಿದು ಎಳೆದ. ತೊಗಟೆ ಜಜ್ಜಿ, ನಾರು ನಾರಾಗಿ ನಿಂತಿತು.

"ಮಸೆದಿಲ್ಲವಲ್ಲ ಗುರುಗಳೇ."

"ಮಸೆಯೋ ಹಾಗಿಲ್ಲವಲ್ಲ."

ಗುರುಗಳು ಸಿದ್ದಾಚಾರಿಯ ಚಾಕುವನ್ನು ತೆಗೆದುಕೊಂಡರು. ಬಿಚ್ಚಲು ಎರಡು ಸಲ ಉಗುರು ಜಾರಿತು.

"ಮರಿದೇವ ಹೇಳಿದ್ದು ಸರಿ ಆಚಾರಿ, ಸ್ಪ್ರಿಂಗ್ ಬಿಗಿ. ವಯಸ್ಸಾದವರ ಬೆರಳು ಇದು."

"ಸಡಿಲ ಮಾಡಿಕೊಡ್ತೀನಿ ಬುದ್ಧಿ."

ಬಿಚ್ಚಿದ ಮೇಲೆ ಅದು ಬೇವಿನ ಕಡ್ಡಿಯೊಳಗೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ಗುರುಗಳು ಸಸಿಯ ತಲೆ ತೆಗೆದು ನಡುವೆ ಸೀಳಿದರು. ಹಳೆಯ ಮರದ ಕಡ್ಡಿಯ ತುದಿಯನ್ನು ಎರಡೂ ಕಡೆ ಓರೆಯಾಗಿ ಕೊಯ್ದು ಸೀಳಿನೊಳಗೆ ಕೂರಿಸಿದರು. ಬಾಳೆನಾರಿನಿಂದ ಬಿಗಿದು ಕಟ್ಟಿದರು.

ಸಿದ್ದಾಚಾರಿ ಕಟ್ಟೆಯ ಮೇಲಿದ್ದ ಮುರಿದ ಚಾಕುವಿನ ತುಂಡುಗಳನ್ನು ಎತ್ತಿ ಕಣ್ಣಿಗೊತ್ತಿಕೊಂಡು ಟವೆಲಿನಲ್ಲಿ ಗಂಟು ಹಾಕಿದ.

"ಅದನ್ನು ಎಲ್ಲಿಗೆ ಒಯ್ತೀರಿ?" ಎಂದ ಮರಿದೇವ.

"ಮನೆಗೆ. ಸವೆದದ್ದು, ಮುರಿದದ್ದು ಕೊನೆಗೆ ನಮ್ಮ ಮನೆಗೇ ವಾಪಸ್ ಬರಬೇಕು ಸ್ವಾಮಿ. ತಾತನ ಕಾಲದಿಂದ ಹಂಗೇ. ಊರವರು ಯಾರೂ ಬಿಸಾಕೋದಿಲ್ಲ, ತಂದುಕೊಡ್ತಾರೆ. ಮಡಕೇಲಿ ಹಾಕಿಡ್ತೀವಿ. ಒಂದಷ್ಟು ಸೇರಿದ ಮೇಲೆ ಕುಲುಮೆಗಿಟ್ಟು, ಬಡಿದು ಒಂದು ಮಾಡ್ತೀವಿ."

"ಕಾಳಾಚಾರಿಯ ಚಾಕುಗಳನ್ನ? ಬೆಂಕಿಗೆ?"

"ತಾತನೇ ಹೇಳಿದ್ದು. ಗುರುಗಳ ಕೈಲಿರೋ ಈ ಹೊಸ ಚಾಕುವಿನೊಳಗೇ ತಾತನ ಚಾಕುಗಳು ಏಳು ಇದಾವೆ. ಗೆರೆ ಯಾಕೆ ಅಂತ ಕೇಳಿದ್ರಲ್ಲ, ಒಂದರ ಮೇಲೊಂದು ಕೂತದ್ದು ಹಂಗೆ ಕಾಣುತ್ತೆ."

ಮರಿದೇವ ಚಾಕುವನ್ನು ಈಸಿಕೊಂಡು ಬೆಳಕಿಗೆ ಹಿಡಿದ. ಗೆರೆಗಳನ್ನು ಎಣಿಸಲು ನೋಡಿದ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ತಿಳಿಯಲಿಲ್ಲ. ಅವನ ಮುಖ ಕೆಂಪಾಯಿತು.

"ಹನ್ನೆರಡು ವರ್ಷ ಹುಡುಕಿದ್ದೀನಿ ಗುರುಗಳೇ. ಇವರು ಸುಡುತ್ತಾ ಕೂತಿದ್ದಾರೆ. ಇದು ಅನ್ಯಾಯ. ನಿಮಗೆ ಸಿಟ್ಟು ಬರೋದಿಲ್ವಾ?"

"ಬಂದಿದೆ," ಎಂದರು ಗುರುಗಳು. "ಇಲ್ಲಿ ಕಡ್ಡಿ ಒಣಗ್ತಾ ಇತ್ತು. ನೀನು ಬೀಗದ ಕೈ ಹಿಡಿದುಕೊಂಡು ನಿಂತಿದ್ದೆ. ಓಡಿಬಂದವನಿಗೆ ನಾಚಿಕೆ ಆಗಬೇಕು ಅಂದೆ. ಬಂದಿದೆ ಮರಿದೇವ, ಚೆನ್ನಾಗಿಯೇ ಬಂದಿದೆ."

ಹೊಳೆಯಲ್ಲಿ ಮಾವಿನ ಎಲೆಗಳು ಇನ್ನೂ ತೇಲಿಹೋಗುತ್ತಿದ್ದವು.

ಮರಿದೇವ ಕಟ್ಟೆಯ ಕೆಳಗೆ, ಸಿದ್ದಾಚಾರಿಯ ಪಕ್ಕದಲ್ಲಿ ಕುಳಿತ. ನೋಟ್‌ಬುಕ್ ತೆರೆದು ತೊಡೆಯ ಮೇಲಿಟ್ಟುಕೊಂಡ. ಪೆನ್ಸಿಲು ಎರಡು ಪುಟಗಳ ನಡುವೆ ನಿಂತಿತು. ದನಿಯಲ್ಲಿ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಇದನ್ನು ಯಾವ ಪುಟಕ್ಕೆ ಬರೀಲಿ ಗುರುಗಳೇ? ಹಳೆಯದಕ್ಕಾ, ಹೊಸದಕ್ಕಾ?"

ಗುರುಗಳು ಕಸಿ ಕಟ್ಟಿದ ಕುಂಡವನ್ನು ಎತ್ತಿ, ತೆರೆದ ನೋಟ್‌ಬುಕ್ಕಿನ ಎರಡೂ ಪುಟಗಳ ಮೇಲೆಯೇ ಇಟ್ಟರು.

"ಮೊದಲು ಇದನ್ನು ಬರಿ. ಆಮೇಲೆ ನೀರು ಹಾಕು."