ಕುಂಬಳಕ್ಕೆ ಹಚ್ಚಿದ ಅರಿಶಿನ

ಪಟೇಲರ ಹಿತ್ತಲಲ್ಲಿ ಎತ್ತಿನ ಹೊಟ್ಟೆಯಂಥ ಕುಂಬಳಕಾಯಿ ಬಿಟ್ಟಿತ್ತು. ನೆಲದ ತೇವ ತಾಗದಿರಲೆಂದು ಆಳು ಮಾದಮ್ಮ ಅದರಡಿಗೆ ಒಣಹುಲ್ಲು ಹಾಸಿದ್ದಳು. ಆದರೂ ಮೈಮೇಲೆ ಉಗುರಿನ ಗಾಯ, ಗಾಯದಲ್ಲಿ ಕೊಳೆ.

"ಯಾವನು ಮುಟ್ತಾನೋ ಹಿಡಿದು ತೋರಿಸು. ಕೊಳೆತರೆ ನಿನಗಿಲ್ಲಿ ಕೆಲಸವಿಲ್ಲ!" ಪಟೇಲರು ಗುಡುಗಿದರು.

ಬಲಿತಿದೆಯಾ ಎಂದು ದಿನಾ ಬೆಳಿಗ್ಗೆ ಉಗುರು ಊರಿ ನೋಡುತ್ತಿದ್ದವರು ಪಟೇಲರೇ. ಅವರ ಮುಖಕ್ಕೆ ಹೇಳುವವರು ಯಾರು?

ಮರುದಿನ ಕೋಳಿ ಕೂಗುವ ಮೊದಲೇ ಮಾದಮ್ಮ ಅರಿಶಿನ ಕಲಸಿ ಕಾಯಿಗೆಲ್ಲ ಬಳಿದಳು. ಹಳದಿಯ ಮೇಲೆ ಹಳದಿ, ಕಾಣಲಿಲ್ಲ.

ಬೆಳಗಾದ ಮೇಲೆ ಪಟೇಲರು ಎಂದಿನಂತೆ ಹಿತ್ತಲಿಗೆ ಹೋಗಿ ಬಂದು ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಯಾವನೋ ಅವನು?" ಎನ್ನುತ್ತ ಬಿಳಿಮೀಸೆ ತಿರುವಿದರು. ಮೀಸೆ ಹಳದಿಯಾಯಿತು. ಎಲ್ಲರೂ ತಲೆ ತಗ್ಗಿಸಿದರು. ಪಟೇಲರು ತಮ್ಮ ಹೆಬ್ಬೆರಳು ನೋಡಿಕೊಂಡರು, ಅದೂ ಹಳದಿ. ಮಾದಮ್ಮನಿಗೇ ನಾಚಿಕೆಯಾಯಿತು.

"ಕಾಯಿಗೆ ದೃಷ್ಟಿಯಾಗಿತ್ತು ಬುದ್ಧೀ, ಅರಿಶಿನಕ್ಕೆ ಇಳೀತು," ಎಂದಳು.

ಕೊಳೆ ನಿಂತಿತು. ಪಟೇಲರು ಮಾತ್ರ ವಾರವಿಡೀ ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡೇ ಓಡಾಡಿದರು.