ಹೊರಟವನನ್ನ ಎಲ್ಲಿಗೆ ಅಂತ ಕೇಳಿದ ದೇವೀರಿ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ, ನಮ್ಮಜ್ಜಿ ನಂಗೂ ಹೇಳಲಿಲ್ಲ, ಒಂದೂರಲ್ಲಿ ಹೊಂಬಾಳವ್ವ ಅಂತ ಚಾಪೆ ಹೆಣೆಯೋಳು ಇದ್ಳಂತೆ. ಗಂಡ ಇಲ್ಲ, ಮೂರು ಜನ ಹೆಣ್ಣುಮಕ್ಕಳು. ದೊಡ್ಡೋಳು ಹೇಳಿದ ಕೆಲಸ ಮಾಡೋಳು, ನಡುವಿನೋಳು ಹೇಳದೇ ಇದ್ರೂ ಮಾಡೋಳು, ಕಿರೀಳು ದೇವೀರಿ ಮಾತ್ರ ಕೆಲಸ ಬಿಟ್ಟು ಪ್ರಶ್ನೆ ಕೇಳೋಳಂತೆ. ಒಬ್ರು ಆಕಳಿಸಿದ್ರೆ ಪಕ್ಕದೋರಿಗೂ ಯಾಕೆ ಆಕಳಿಕೆ ಬರುತ್ತೆ, ದೋಸೆಗೆ ಒಂದೇ ಕಡೆ ಯಾಕೆ ತೂತು, ಕೋಳಿಗೆ ಕನಸು ಬೀಳುತ್ತಾ, ನಾನು ಹುಟ್ಟೋಕೆ ಮುಂಚೆ ಎಲ್ಲಿದ್ದೆ. ಯಾರಿಗಾದ್ರೂ ಗೊತ್ತಿದ್ರೆ ತಾನೆ ಹೇಳೋದು? ಸುಮ್ನಿರೇ ತಲೆಹರಟೆ ಅಂತ ಎಲ್ರೂ ಬೈಯೋರಂತೆ. ಥೇಟು ನಿನ್ನ ಹಾಗೇ ಕಣೇ. ಕಾಲು ಒಳಗೆ ಎಳ್ಕೋ, ಹೊದ್ಕೋ.

ಹಿಂಗಿರಬೇಕಾದ್ರೆ ಹೊಂಬಾಳವ್ವನಿಗೆ ಜ್ವರ ಬಂತಂತೆ. ಮೊದಲು ಊಟ ಬಿಟ್ಳು, ಆಮೇಲೆ ಮಾತು ಬಿಟ್ಳು. ದೊಡ್ಡೋಳು ಪಂಡಿತರನ್ನ ಕರೆಯೋಕೆ ಓಡಿದ್ಳಂತೆ, ನಡುವಿನೋಳು ಸೋದರಮಾವನ್ನ ಕರೆಯೋಕೆ ಓಡಿದ್ಳಂತೆ, ದೇವೀರಿ ಒಬ್ಳೇ ಅವ್ವನ ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತಿದ್ಳಂತೆ. ಹೊತ್ತು ಇಳೀತಾ ಇತ್ತು. ಆಗ ಯಾರೋ ಬಾಗಿಲು ತಟ್ಟದೇ ಒಳಗೆ ಬಂದ್ರಂತೆ. ಕಪ್ಪಗೆ, ಎತ್ತರಕ್ಕೆ, ಕಾಲು ತುಂಬ ಧೂಳು, ಹೆಗಲ ಮೇಲೆ ಹಗ್ಗ. ಯಮದೂತ! ಹೆದರ್ಕೋಬೇಡ, ನಾನಿಲ್ವಾ ಪಕ್ಕದಲ್ಲಿ.

ದೂತ ದೇವೀರಿ ಕಡೆ ತಿರುಗಿ, ಮಗಾ, ಬೇಜಾರು ಮಾಡ್ಕೋಬೇಡ, ಇವತ್ತು ಹೊತ್ತು ಮುಳುಗೋ ತನಕ ಮಾತ್ರ ನಂಗೆ ಅಪ್ಪಣೆ, ಅಷ್ಟರೊಳಗೆ ನಿಮ್ಮವ್ವನ್ನ ಕರ್ಕೊಂಡು ಊರು ದಾಟಬೇಕು ಅಂದನಂತೆ. ಅಂದೋನೇ ಹೊಂಬಾಳವ್ವನ ಜೀವಾನ, ಹೆಬ್ಬೆಟ್ಟಿನಷ್ಟಿತ್ತಂತೆ ಪಾಪ, ಹಗ್ಗದ ತುದಿಗೆ ಕಟ್ಕೊಂಡ. ಅವ್ವನ ಎದೆ ಏರಿಳಿಯೋದು ನಿಂತೇ ಹೋಯ್ತಂತೆ. ಅವನು ಹೊಸಿಲ ಮೇಲೆ ಕಾಲಿಟ್ಟ, ದೇವೀರಿ ಬಾಯಿಂದ ಅಭ್ಯಾಸಬಲದಿಂದ, ಎಲ್ಲಿಗೆ? ಅಂತ ಬಂದೇಬಿಡ್ತಂತೆ.

ದೂತ ಅಲ್ಲೇ ನಿಂತ. ಅಯ್ಯೋ, ಎಂಥ ಕೆಲಸ ಮಾಡಿದ್ಯೇ ಅಂತ ಹಣೆ ಚಚ್ಕೊಂಡನಂತೆ. ಹೊರಟೋರನ್ನ ಎಲ್ಲಿಗೆ ಅಂತ ಕೇಳ್ಬಾರ್ದು, ಹಿಂದಿಂದ ಕೂಗಬಾರ್ದು, ಕೂಗಿದ್ರೆ ವಾಪಸ್ಸು ಬಂದು, ಕೂತು, ನೀರು ಕುಡಿದು, ಆಮೇಲೇ ಎದ್ದು ಹೋಗಬೇಕು, ಇಲ್ದಿದ್ರೆ ಹೋದ ಕೆಲಸ ಕೆಡುತ್ತೆ. ಮೊನ್ನೆ ನಿಮ್ಮಪ್ಪ ಪೇಟೆಗೆ ಹೊರಟಾಗ ನೀನೂ ದೇವೀರಿ ಥರಾನೇ ಕೇಳಿ ಬೈಸ್ಕೊಳ್ಲಿಲ್ವಾ? ಯಮದೂತ ಆದ್ರೇನು, ಅವನೂ ಹೊರಟೋನೇ ತಾನೆ? ದಾರೀಲಿ ಹಗ್ಗ ಬಿಚ್ಕೊಂಡ್ರೆ ಯಮರಾಯನ ಕೈಲಿ ಉಗಿಸ್ಕೋಬೇಕು. ಅದಕ್ಕೇ ಗೊಣಗ್ತಾ ಬಂದು ಕೂತ, ದೇವೀರಿ ಚೊಂಬಲ್ಲಿ ನೀರು ತಂದ್ಕೊಟ್ಳು, ಕುಡಿದ, ಎದ್ದ.

ಆಮೇಲೆ ಅವನು ಹೊಸಿಲು ದಾಟೋ ಹೊತ್ತಿಗೆ ದೇವೀರಿಗೆ ಬುದ್ಧಿ ಓಡಿತ್ತಂತೆ. ಅಣ್ಣಾ, ಯಮರಾಯನ ಕೋಣ ಸತ್ತರೆ ಅದನ್ನ ಯಾರು ಕರ್ಕೊಂಡು ಹೋಗ್ತಾರೆ? ಅಂತ ಕೂಗಿದ್ಳಂತೆ. ದೂತ ಹಲ್ಲು ಕಡಿದ. ಮತ್ತೆ ಬಂದು ಕೂತ, ನೀರು ಕುಡಿದ, ಆದ್ರೆ ಪ್ರಶ್ನೆ ಬಿಡಬೇಕಲ್ಲ ಅವನನ್ನ! ಹೌದಲ್ಲ, ಯಾರು ಅಂತ ತಲೆ ಕೆರ್ಕೊಂಡ, ಕಿಟಕೀಲಿ ನೋಡ್ತಾನೆ, ಸೂರ್ಯ ಗುಡ್ಡಕ್ಕೆ ತಾಗಿದಾನೆ. ಧಡಕ್ಕನೆ ಎದ್ದು, ಲೇ ಹುಡುಗಿ, ಇನ್ನೊಂದು ಸಲ ಬಾಯಿ ಬಿಟ್ಟೆಯೋ, ನಿನ್ನನ್ನೂ ಇದೇ ಹಗ್ಗಕ್ಕೆ ಬಿಗೀತೀನಿ ಅಂದನಂತೆ.

ದೇವೀರಿ ಬಾಗಿಲಾಚೆ ಇಣುಕಿದ್ಳು. ಅಕ್ಕಂದಿರ ಸುಳಿವಿಲ್ಲ. ಅವನು ಒಂದು ಕಾಲು ಹೊರಗಿಟ್ಟ. ಸುಮ್ನಿದ್ರೆ ಅವ್ವ ಇಲ್ಲ, ಕೇಳಿದ್ರೆ ತಾನೂ ಇಲ್ಲ. ಇನ್ನೊಂದು ಕಾಲು ಎತ್ತಿದ. ಆಗ ಅವಳಿಗೆ ಉಪಾಯ ಗಿಪಾಯ ಏನೂ ಹೊಳೀಲಿಲ್ಲವಂತೆ, ಎದೇಲಿ ಇದ್ದಿದ್ದೇ ಬಂತಂತೆ. ಅಣ್ಣಾ, ನಮ್ಮವ್ವ ಅಲ್ಲಿ ಯಾರ ಪಕ್ಕ ಮಲ್ಕೋತಾಳೆ? ಅಂತ ಕೇಳಿ ಗೊಳೋ ಅಂತ ಅತ್ಳಂತೆ.

ದೂತ ಹಗ್ಗ ಎತ್ತಿದ. ಎತ್ತಿದ ಕೈ ಹಾಗೇ ಇಳೀತು. ಬಂದು ಅವಳ ಎದುರಿಗೇ ಕೂತನಂತೆ. ನಂಗೊತ್ತಿಲ್ಲ ಮಗಾ ಅಂದ. ನಾನು ಬಾಗಿಲ ತನಕ ಬಿಟ್ಟು ಬರೋನು. ಒಳಗೆ ಏನಿದೆ, ಹೋದೋರು ಏನು ಮಾಡ್ತಾರೆ, ಉಂಡ್ರಾ, ಮಲಗಿದ್ರಾ, ಒಂದು ದಿನಾನೂ ಕೇಳಿಲ್ಲ. ಕೇಳಬೇಕು ಅಂತ ಅನ್ನಿಸ್ಲೂ ಇಲ್ಲ ನೋಡು. ಏನಮ್ಮ, ನೀನೂ ನನ್ನ ಅದನ್ನೇ ಕೇಳ್ತಿದೀಯಾ? ಹ್ಞೂಂ, ಯಮದೂತನಿಗೇ ಗೊತ್ತಿಲ್ಲ ಅಂದ್ಮೇಲೆ ನಂಗೆ ಹೆಂಗೆ ಗೊತ್ತಿರುತ್ತೆ ಹೇಳು. ದೂತ ಹಂಗೇ ಯೋಚನೆ ಮಾಡ್ತಾ ಕೂತ, ಚೊಂಬಿನ ನೀರು ಕೈಲೇ ಇತ್ತು, ಹೊರಗೆ ಹೊತ್ತು ಮುಳುಗಿಹೋಯ್ತಂತೆ.

ಆಮೇಲೆ ನಿಟ್ಟುಸಿರು ಬಿಟ್ಟು, ಹಗ್ಗದ ಗಂಟು ಬಿಚ್ಚಿ, ನೀರು ಕುಡಿದು, ಬರೀ ಕೈಲಿ ಎದ್ದನಂತೆ. ದೇವೀರಿಗೆ ಕೇಳೋಕೆ ನೂರಿತ್ತು. ಬರೀ ಕೈಲಿ ಹೋದ್ರೆ ಯಮರಾಯ ಏನಂತಾನೆ, ಮತ್ತೆ ಯಾವಾಗ ಬರ್ತೀಯ. ಎಲ್ಲಾ ನಾಲಿಗೆ ತುದೀಲಿ ಬಂದು ನಿಂತಿತ್ತಂತೆ. ತುಟಿ ಕಚ್ಚಿ ಹಿಡಿದ್ಳು. ಕೇಳಿದ್ರೆ ಅವನು ತಿರುಗಿ ಬಂದು ಕೂರ್ತಾನಲ್ಲ! ಅವನು ಹೊಸಿಲು ದಾಟಿದ, ಅಂಗಳ ದಾಟಿದ. ಅಷ್ಟರಲ್ಲಿ ಹಿಂದೆ ಹೊಂಬಾಳವ್ವ ಕಣ್ಣುಬಿಟ್ಟು, ಯಾರೇ ಅದು ಹೋಗ್ತಿರೋದು, ಎಲ್ಲಿ... ಅಂತ ಬಾಯಿ ತೆಗೆದ್ಳಂತೆ!

ದೇವೀರಿ ಹಾರಿ ಹೋಗಿ ಅವ್ವನ ಬಾಯಿಗೆ ಎರಡೂ ಕೈ ಅಡ್ಡ ಇಟ್ಟು ಒತ್ತಿ ಹಿಡಿದ್ಳಂತೆ. ಅವ್ವ ಕಣ್ಣು ಕಣ್ಣು ಬಿಡ್ತಾಳೆ, ಇವಳು ಬಿಡಲ್ಲ. ಅವನು ಕೆರೆ ಏರಿ ದಾಟಿ ಕಾಣದೇ ಹೋಗೋ ತನಕ ಹಂಗೇ ಹಿಡ್ಕೊಂಡಿದ್ಳಂತೆ, ಅವ್ವನ ಉಸಿರು ಬೆಚ್ಚಗೆ ಅಂಗೈಗೆ ತಾಗ್ತಾನೇ ಇತ್ತಂತೆ.

ಆಮೇಲೆ ಅಕ್ಕಂದಿರು ಬಂದ್ರು, ಪಂಡಿತರು ಬಂದು ಕಷಾಯ ಕೊಟ್ರು, ನಾನೇ ವಾಸಿ ಮಾಡ್ದೆ ಅಂತ ಬೀಗಿದ್ರು, ಅವ್ವ ಗಂಜಿ ಕುಡಿದು ಎದ್ದು ಕೂತ್ಳು. ಆ ಮೂರೂ ಮಕ್ಕಳು ಅವ್ವನ್ನ ನಡುವೆ ಹಾಕ್ಕೊಂಡು ಒಂದೇ ಚಾಪೆ ಮೇಲೆ ಮಲ್ಕೊಂಡ್ರಂತೆ. ಅವರೂ ಮಲಗಿದ್ರು, ನನ್ನ ಕತೇನೂ ಮುಗಿದು ಮಲಗ್ತು.